ಗುಳಿಗೆಯ ನಿದ್ದೆ

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷ. ಮಕ್ಕಳು ಹಾಲು ಕುಡಿದ ಹೊತ್ತನ್ನು ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸವಾಗಿದ್ದರಿಂದ ಆಗಷ್ಟೇ ಗೋಡೆ ಗಡಿಯಾರ ನೋಡಿದ್ದೆ. ಮಗುವಿನ ತಲೆಯನ್ನು ಎಡಗೈಯಲ್ಲಿ ಎತ್ತಿ, ಬಲಗೈಯಿಂದ ಹಾಲಿನ ಒಳಲೆಯನ್ನು ತುಟಿಗೆ ಹಿಡಿದೆ. ಹಾಲು ಗಂಟಲಿಗೆ ಇಳಿಯಲಿಲ್ಲ. ಬಾಯಿಯ ಅಂಚಿನಿಂದ ಹರಿದು, ಕುತ್ತಿಗೆಯ ಕಪ್ಪು ದಾರವನ್ನು ತೋಯಿಸಿ, ನನ್ನ ಸೀರೆಗೆ ಬಿತ್ತು. "ಏಳು ಪುಟ್ಟೀ, ಹೊತ್ತಾಯ್ತು" ಅಂದೆ. ಇನ್ನೊಮ್ಮೆ ಹಾಕಿದೆ. ಅದೂ ಹರಿದುಹೋಯಿತು.

ಆ ಮೊದಲ ಹಾಲು ಹರಿದಾಗಲೇ ನನಗೆ ತಿಳಿಯಬೇಕಿತ್ತು. ಎರಡನೆಯ ಸಲ ಹಾಕಲು ಹೋದೆನಲ್ಲ, ಅಷ್ಟರಲ್ಲಿ ಅದು ಶ್ವಾಸನಾಳಕ್ಕೆ ಇಳಿದಿದ್ದರೆ? ಎಷ್ಟೋ ವರ್ಷಗಳ ಮೇಲೆ, ನನ್ನದೇ ಮಕ್ಕಳು ತೊಟ್ಟಿಲಲ್ಲಿ ಮಲಗಿದಾಗ, ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡದೆ ನಾನು ಆಚೆ ಹೋದವಳಲ್ಲ. ಮನೆಯವರು ನಗುತ್ತಿದ್ದರು. ನಗಲಿ.

ಇದು ನಡೆದದ್ದು ಕಡಲತೀರದ ನಮ್ಮ ಊರಿನಲ್ಲಿ, ಉರ್ವದಿಂದ ಹೊಳೆಗೆ ಇಳಿಯುವ ದಾರಿಯ ಒಂದು ಹಳೆಯ ಶೆಡ್ಡಿನಲ್ಲಿ. ಹಿಂದೆ ಅಲ್ಲಿ ಹಂಚು ದಾಸ್ತಾನು ಇಡುತ್ತಿದ್ದರು. ಅದರ ಒಡೆಯರು ಪಕ್ಕದ ಮನೆಯಲ್ಲಿದ್ದ ಬ್ಯಾರಿ ಮುಸ್ಲಿಂ ವ್ಯಾಪಾರಿ. ನಾವೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು. "ಖಾಲಿ ಬಿದ್ದರೆ ಹಾವು ಸೇರ್ತದೆ, ಮಕ್ಕಳು ಸೇರಿದರೆ ಒಳ್ಳೆಯದಲ್ವಾ" ಎಂದು ಕೀಲಿಕೈ ಕೊಟ್ಟಿದ್ದರು. ಹೊಳೆಯ ದಡದಲ್ಲಿ ಕಾಫಿ ಕಾರ್ಖಾನೆಯೊಂದಿತ್ತು. ಘಟ್ಟದಿಂದ ಇಳಿದು ಬಂದ ಕಾಫಿ ಬೀಜವನ್ನು ಒಣಗಿಸಿ, ಸಿಪ್ಪೆ ತೆಗೆದು, ಹಡಗಿಗೆ ಕಳಿಸುವ ಮುಂಚೆ ಒಡಕು ಬೀಜ ಬೇರ್ಪಡಿಸಲು ನೂರಾರು ಹೆಂಗಸರು ಸಾಲಾಗಿ ನೆಲದ ಮೇಲೆ ಕೂರುತ್ತಿದ್ದರು. ಆ ವರ್ಷ ಅವರಲ್ಲಿ ಸೊಲ್ಲಾಪುರದ ಕಡೆಯಿಂದ ಬಂದ ಹತ್ತು ಹನ್ನೆರಡು ಕುಟುಂಬಗಳು ಸೇರಿದ್ದವು. ಅಲ್ಲಿಯ ಬಟ್ಟೆ ಗಿರಣಿಯಲ್ಲಿ ಕೆಲಸ ನಿಂತು, ಯಾರೋ ಮೇಸ್ತ್ರಿಯ ಮಾತು ನಂಬಿ ಈ ಕಡಲತೀರಕ್ಕೆ ಬಂದವರು. ಶೆಡ್ಡಿನ ಹಿಂದೆ ತೆಂಗಿನ ಮಡಲಿನ ಗುಡಿಸಲು ಹಾಕಿಕೊಂಡಿದ್ದರು.

ವಿಚಿತ್ರವೆಂದರೆ, ಅವರ ಮನೆಮಾತು ಕನ್ನಡ. ನಮಗೆ ಕನ್ನಡ ಶಾಲೆಯ, ಕಚೇರಿಯ ಭಾಷೆ. ಮನೆಯಲ್ಲಿ ಒಬ್ಬರದು ತುಳು, ಒಬ್ಬರದು ಕೊಂಕಣಿ, ಕಾಕನದು ಬ್ಯಾರಿ. ಹೀಗಾಗಿ ಅವರು ನಮ್ಮೊಡನೆ ಮಾತಾಡಿದರೆ ಹೃದಯದಿಂದ ಬಂದಂತಿರುತ್ತಿತ್ತು, ನಾವು ಉತ್ತರಿಸಿದರೆ ಪಾಠ ಒಪ್ಪಿಸಿದಂತೆ. ಆದರೂ ಊರವರ ಬಾಯಲ್ಲಿ ಅವರು "ಘಟ್ಟದವರು", ಹೊರಗಿನವರು.

ಮಕ್ಕಳ ಮನೆ ಶುರುಮಾಡಿದ್ದು ನಾವು ದೊಡ್ಡಕ್ಕ ಎನ್ನುತ್ತಿದ್ದ ಒಬ್ಬ ವಿಧವೆ. ಆಸ್ಪತ್ರೆಯಲ್ಲಿ ಹೆರಿಗೆ ಕೆಲಸ ಕಲಿತು, ಹತ್ತು ವರ್ಷ ಮಾಡಿ ಬಿಟ್ಟವರು. ನಾನು ಬಿ.ಎ. ಮುಗಿಸಿ ಮಣ್ಣಗುಡ್ಡದ ಮನೆಯಲ್ಲಿ ಮದುವೆಯ ಮಾತು ಕೇಳುತ್ತ ಕೂತಿದ್ದೆ. ಕೂರುವ ಬದಲು ನಡೆದು ಬಾ ಎಂದು ಅವರು ಕರೆದರು, ಹೋದೆ. ತಾಯಂದಿರು ಬೆಳಿಗ್ಗೆ ಏಳಕ್ಕೆ ಮಕ್ಕಳನ್ನು ಬಿಟ್ಟು ಹೋಗುವುದು, ಸಂಜೆ ಕಾರ್ಖಾನೆಯ ಗಂಟೆ ಹೊಡೆದ ಮೇಲೆ ಬಂದು ಎತ್ತಿಕೊಳ್ಳುವುದು. ನಡುವೆ ಹಾಲು, ಗಂಜಿ, ಸ್ನಾನ, ದೊಡ್ಡವರಿಗೆ ನಾಲ್ಕು ಅಕ್ಷರ. ಹನ್ನೊಂದು ಮಕ್ಕಳು. ಸಂಬಳ ಯಾರಿಗೂ ಇಲ್ಲ.

ಗುಳಿಗೆಯ ವಿಷಯ ಮೊದಲ ವಾರದಲ್ಲೇ ತಿಳಿದಿತ್ತು. ಗಿರಣಿ ಕೆಲಸಕ್ಕೆ ಹೋಗುವ ತಾಯಂದಿರು ಮಗು ದಿನವಿಡೀ ಮಲಗಿರಲಿ ಎಂದು ಬೆಳಿಗ್ಗೆ ಅಫೀಮಿನ ಒಂದು ಪುಟ್ಟ ಗುಳಿಗೆಯನ್ನು ಎದೆಹಾಲಲ್ಲಿ ಕದಡಿ ನೆಕ್ಕಿಸುತ್ತಿದ್ದರಂತೆ. ಅದನ್ನು ಅಲ್ಲಿ ಯಾರೂ ತಪ್ಪೆಂದು ತಿಳಿದಿರಲಿಲ್ಲ. ಅವರ ತಾಯಂದಿರು ಅವರಿಗೂ ಕೊಟ್ಟಿದ್ದರು. ದೊಡ್ಡಕ್ಕ ಎಲ್ಲರನ್ನೂ ಕೂರಿಸಿ, "ಇನ್ನು ಬೇಡ. ನೋಡಿಕೊಳ್ಳಲಿಕ್ಕೆ ನಾವು ಇದ್ದೇವೆ ಅಲ್ವಾ?" ಎಂದಿದ್ದರು. ಎಲ್ಲರೂ ತಲೆಯಾಡಿಸಿದ್ದರು. ಮಕ್ಕಳು ಎರಡು ದಿನ ಅತ್ತು, ಮೂರನೆಯ ದಿನದಿಂದ ಸುಮ್ಮನಾದವು. ಒಂದು ಮಾತ್ರ ಅಳು ನಿಲ್ಲಿಸಲಿಲ್ಲ. ಆಗಷ್ಟೇ ಹೆಜ್ಜೆ ಇಡಲು ಕಲಿತ, ಒಂದೂವರೆ ವರ್ಷದ ಹೆಣ್ಣುಮಗು. ಉಳಿದವು ನಮ್ಮ ಆರೈಕೆಗೆ ಒಗ್ಗಿದವು, ಇದೊಂದು ಹಟಮಾರಿ ಎಂದು ನಾವು ತೀರ್ಮಾನಿಸಿದ್ದೆವು.

ಆ ಮಧ್ಯಾಹ್ನ ಆ ಹಟಮಾರಿಯೂ ಮಲಗಿದ್ದಳು. ಊರಿನ ದೊಡ್ಡ ಮನೆಗಳ ಮೂವರು ಹೆಂಗಸರು ನೋಡಲು ಬಂದಿದ್ದರು. "ಎಷ್ಟು ಶಾಂತ ಉಂಟಲ್ಲ! ನಮ್ಮ ಮನೆಯಲ್ಲಿ ಒಂದೇ ಮಗು, ಅತ್ತರೆ ಮಾಡಿನ ಹಂಚು ಹಾರಿಹೋಗ್ತದೆ" ಎಂದು ಒಬ್ಬರು ಹೊಗಳಿದರು. ನಾನು ಹಿಗ್ಗಿದೆ. ಅವರನ್ನು ಬೀಳ್ಕೊಡಲು ದೊಡ್ಡಕ್ಕ ಗೇಟಿನವರೆಗೆ ಹೋಗಿದ್ದರು. ನಾನು ಆ ಹಟಮಾರಿಗೆ ಹಾಲು ಹಿಡಿದು ಕೂತದ್ದು ಆಗಲೇ.

ಕೂಗಿದೆನೋ ಇಲ್ಲವೋ ನೆನಪಿಲ್ಲ. ದೊಡ್ಡಕ್ಕ ಓಡಿ ಬಂದದ್ದು ನೆನಪಿದೆ. ಬಂದವರೇ ಮಗುವಿನ ರೆಪ್ಪೆ ಎತ್ತಿದರು. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟೇ ಉಳಿದಿತ್ತು. ತುಟಿ ನೇರಳೆಗೆ ತಿರುಗುತ್ತಿತ್ತು. ಎದೆ ಒಮ್ಮೆ ಏರಿ, ಇಳಿದು, ಎಷ್ಟೋ ಹೊತ್ತು ಸುಮ್ಮನಿದ್ದು, ಮತ್ತೆ ಏರುತ್ತಿತ್ತು.

"ಗುಳಿಗೆ" ಎಂದರು ದೊಡ್ಡಕ್ಕ. "ಮಲಗಿಸಬೇಡ! ಎತ್ತು, ಎಬ್ಬಿಸು, ಹೊಡಿ!"

"ಹೊಡೆಯುವುದಾ?"

"ಅಂಗಾಲಿಗೆ ಹೊಡಿ ಮಾರಾಯ್ತಿ! ನಿನ್ನ ದಯೆ ಆಮೇಲೆ ಇಟ್ಟುಕೋ!"

ಬೇಲಿಯ ಆಚೆಯಿಂದ ಕಾಕ ಇಣುಕಿದರು. ದೊಡ್ಡಕ್ಕ ಮೂರು ಮಾತಿನಲ್ಲಿ ಹೇಳಿದರು. ಕಾಕ ಭಾರೀ ಆಳು, ಊಟದ ಮೇಲೆ ಅಲುಗುವವರಲ್ಲ. ಅಂದು ಜಟಕಾಗೆ ತಾವೇ ಕುದುರೆ ಕಟ್ಟಿ, ಮುಂಡಿನ ತುದಿ ಎತ್ತಿ ಸಿಕ್ಕಿಸಿಕೊಂಡು, ಮಣ್ಣಗುಡ್ಡದ ಡಾಕ್ಟರರ ಮನೆಗೆ ಹೊಡೆದರು.

ನಾವು ಮಗುವಿನ ಕಂಕುಳಿಗೆ ಒಬ್ಬೊಬ್ಬರು ಕೈಕೊಟ್ಟು ನಿಲ್ಲಿಸಿದೆವು. ಕಾಲುಗಳು ಒದ್ದೆ ಬಟ್ಟೆಯಂತೆ ನೇತಾಡುತ್ತಿದ್ದವು. ಆ ಕಾಲುಗಳನ್ನು ನೆಲಕ್ಕೆ ತಾಗಿಸುತ್ತ ಶೆಡ್ಡಿನ ಈ ತುದಿಯಿಂದ ಆ ತುದಿಗೆ ನಡೆಸಿದೆವು. ತಣ್ಣೀರಿನ ಬಟ್ಟೆಯಿಂದ ಮುಖಕ್ಕೆ ಬಡಿದೆವು. ಕಿವಿಯಲ್ಲಿ ಹೆಸರು ಕೂಗಿದೆವು. ಉಳಿದ ಹತ್ತು ಮಕ್ಕಳ ಉಸಿರನ್ನೂ ನಡುನಡುವೆ ನೋಡುತ್ತಿದ್ದೆವು. ಉಸಿರು ಸರಿಯಾಗಿತ್ತು, ಕರೆದರೆ ಅವು ಕಣ್ಣು ತೆರೆಯುತ್ತಿದ್ದವು. ಆದರೆ ತಕ್ಷಣ ಮುಚ್ಚುತ್ತಿದ್ದವು, ಎಲ್ಲವೂ ಒಂದೇ ರೀತಿ. ಹೊಗಳಿಸಿಕೊಂಡ ಶಾಂತಿ ಅದು.

ಡಾಕ್ಟರು ಬಂದಾಗ ಮೈಮೇಲೆ ಬನಿಯನ್, ಅದರ ಮೇಲೆ ಕೋಟು. ಅಂಗಿ ಹಾಕಲು ಕಾಕ ಬಿಟ್ಟಿರಲಿಲ್ಲ. "ಹೆಂಡತಿ ಎಂತ ತಿಳಿದುಕೊಂಡಳೋ, ಬ್ಯಾರಿ ಬಂದು ನನ್ನನ್ನು ಎತ್ತಿಕೊಂಡು ಹೋದ ಅಂತ" ಎಂದು ಗೊಣಗುತ್ತಲೇ ಚೀಲ ತೆರೆದರು. ಮಗುವನ್ನು ನೋಡಿದ ಮೇಲೆ ಗೊಣಗಾಟ ನಿಂತಿತು.

"ಯಾರು ಕೊಟ್ಟದ್ದು? ಎಷ್ಟು ಕೊಟ್ಟದ್ದು?"

"ಗೊತ್ತಿಲ್ಲ" ಅಂದೆ.

"ಹಾಗಾದರೆ ಗೊತ್ತಿದ್ದವರನ್ನು ಕರೆಸಿ. ಹಾಲಿಲ್ಲದ ಕಾಫಿ ಬೇಕು, ಕಡುವಾಗಿ. ಬೇಗ."

ಕಾಕ ಮತ್ತೆ ಜಟಕಾ ಹತ್ತಿ ಕಾರ್ಖಾನೆಗೆ ಹೋದರು. ಡಾಕ್ಟರು ಸಣ್ಣ ರಬ್ಬರು ನಳಿಗೆ ಇಳಿಸಿ, ನೇರಳೆ ಬಣ್ಣದ ಮದ್ದಿನ ನೀರಿನಿಂದ ಹೊಟ್ಟೆ ತೊಳೆದರು. ಪರಗಂಡಸರ ಎದುರು ಎಂದೂ ಬಾರದ ಕಾಕನ ಹೆಂಡತಿ ಬೇಲಿಯ ಮೇಲಿನಿಂದ ಕಾಫಿಯ ಚೊಂಬು ನೀಡುತ್ತಿದ್ದರು. ಬಳೆಯ ಕೈ ಮಾತ್ರ ಕಾಣುತ್ತಿತ್ತು. ಒಂದು ಆರುವಷ್ಟರಲ್ಲಿ ಇನ್ನೊಂದು ಚೊಂಬು. "ಏಳ್ತದಾ? ಎದ್ದಿತಾ?" ಎಂದು ಬೇಲಿಯ ಆಚೆಯಿಂದ ಅದೊಂದೇ ಮಾತು.

ತಾಯಿ ಬಂದಳು, ಹಿಂದೆ ಅತ್ತೆ. ಮೇಸ್ತ್ರಿ ಗಂಟೆ ಹೊಡೆಯುವವರೆಗೆ ಬಿಡುವುದಿಲ್ಲ ಎಂದಾಗ ಕಾಕ ಏನು ಹೇಳಿದರೋ ತಿಳಿಯದು. ಇಬ್ಬರ ಸೆರಗಿನಲ್ಲೂ ಕಾಫಿ ಹೊಟ್ಟು ಹಾಗೆಯೇ ಇತ್ತು. ತಾಯಿಗೆ ಇಪ್ಪತ್ತು ವರ್ಷವೂ ಆಗಿರಲಿಕ್ಕಿಲ್ಲ. ಮಗುವನ್ನು ನೋಡಿ ಅವಳು ಅಳಲಿಲ್ಲ. ನನ್ನನ್ನು ನೋಡಿದಳು.

"ನೀವು ನಿನ್ನೆ ಅಂದ್ರಲ್ರಿ ಅಕ್ಕಾರ" ಅಂದಳು.

ಹೌದು, ಅಂದಿದ್ದೆ. ಹಿಂದಿನ ಸಂಜೆ ಮಗುವನ್ನು ಅವಳ ಕೈಗೆ ಕೊಡುವಾಗ, "ಎಂತ ಮಗಳು ಮಾರಾಯ್ತಿ ನಿನ್ನದು! ನಮ್ಮನ್ನೆಲ್ಲ ಕುಣಿಸಿಬಿಟ್ಟಳು. ನಾಳೆ ನೀನೇ ಇಲ್ಲಿ ಬಂದು ಕೂತುಕೋ, ನಾನು ಕಾಫಿ ಆರಿಸಲಿಕ್ಕೆ ಹೋಗ್ತೇನೆ" ಎಂದು ನಕ್ಕಿದ್ದೆ. ನಮ್ಮ ಊರಿನಲ್ಲಿ ಇಂಥ ಮಾತು ಗಂಟೆಗೆ ಹತ್ತು ಬರುತ್ತದೆ. ಅಕ್ಕರೆ ಇದ್ದವರಿಗೇ ನಾವು ಹಾಗೆ ಹೇಳುವುದು. ಅವಳು ಅದನ್ನು ಆಜ್ಞೆಯೆಂದು ಕೇಳಿಸಿಕೊಂಡಿದ್ದಳು.

"ಕೂಸಿನ್ನ ಹೊಳ್ಳಿ ಕಳಿಸ್ತಾರ, ನನ್ನ ಕೆಲಸ ಹೋಗ್ತದ ಅಂತ ತಿಳಕೊಂಡೆ. ನೀವು ಬ್ಯಾಡ ಅಂದಾಗಿಂದ ಕೊಟ್ಟಿದ್ದಿಲ್ರಿ, ದೇವರಾಣೆ ಕೊಟ್ಟಿದ್ದಿಲ್ಲ. ಇವತ್ತ ಮುಂಜಾನೆ ಒಂದು ಗುಳಗಿ ಕೊಟ್ಟೆ."

ಅತ್ತೆಯ ಕೈ ತನ್ನ ಬಾಯಿಗೆ ಹೋಯಿತು. "ಯವ್ವಾ! ಅದ ಅಂಜಿಕಿಗೆ ನಾನೂ ಇವತ್ತ ಕೊಟ್ಟೀನಿ. ಇಲ್ಲಿ ಬಿಡಾಕ ಬರುವಾಗ, ದಾರ್ಯಾಗ. ಇಕಿ ಕೊಟ್ಟಿದ್ದು ನನಗೇನು ಗೊತ್ತು?"

ಆಮೇಲೆ ತಿಳಿದದ್ದು ಇಷ್ಟು: ಹನ್ನೊಂದು ತಾಯಂದಿರಲ್ಲಿ ನಮ್ಮ ಮಾತು ಕೇಳಿ ಗುಳಿಗೆ ಬಿಟ್ಟವಳು ಇವಳೊಬ್ಬಳೇ. ಅದಕ್ಕೇ ಅವಳ ಮಗಳು ಅಳುತ್ತಿದ್ದಳು. ಉಳಿದವರು ನಮಗೆ ತೊಂದರೆಯಾಗಬಾರದೆಂದು, ನಮ್ಮ ಮೇಲಿನ ಮರ್ಯಾದೆಗೆ, ಎರಡು ದಿನ ಬಿಟ್ಟು ಮತ್ತೆ ಶುರುಮಾಡಿದ್ದರು. ಬಿಟ್ಟು ಅಭ್ಯಾಸ ತಪ್ಪಿದ ಮೈಗೆ ಒಂದೇ ಬೆಳಿಗ್ಗೆ ಎರಡು ಗುಳಿಗೆ ಬಿದ್ದಿತ್ತು.

ಡಾಕ್ಟರು ಯಾರನ್ನೂ ಬಯ್ಯಲಿಲ್ಲ. "ಮಾತು ಸಾಕು, ನಡೆಸಿ" ಎಂದರು. ನಡೆಸಿದೆವು. ತಾಯಿ ಒಂದು ಕಡೆ, ನಾನು ಒಂದು ಕಡೆ. ತಿರುಗುವಲ್ಲಿ ದೊಡ್ಡಕ್ಕ ಕಾಫಿ ಹಿಡಿದು ನಿಲ್ಲುತ್ತಿದ್ದರು. ನುಂಗುವ ಶಕ್ತಿ ಬಂದಿದೆಯೆಂದು ಡಾಕ್ಟರು ಗಂಟಲು ಮುಟ್ಟಿ ಹೇಳಿದ ಮೇಲೆ ಹನಿಹನಿಯಾಗಿ ಕುಡಿಸಿದೆವು. ಒಮ್ಮೆ ತಾಯಿ ತನ್ನ ಕೈಗೆ ಚೆಲ್ಲಿದ್ದನ್ನು ನೆಕ್ಕಿ ಮುಖ ಹಿಂಡಿದಳು. ದಿನವಿಡೀ ಆರಿಸುವ ಬೀಜದ ರುಚಿ ಅವಳು ನೋಡಿದ್ದು ಅದೇ ಮೊದಲಂತೆ. "ಇಷ್ಟು ಕಹಿ ಕುಡೀಲಾಕ ಹಡಗು ಕಟ್ಟಿ ಒಯ್ತಾರೇನ್ರಿ?" ಎಂದು ಕೇಳಿದಳು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ನಾವು ಯಾರೂ ನಡೆಯುವುದನ್ನು ನಿಲ್ಲಿಸಲಿಲ್ಲ.

ನಾಲ್ಕು ಗಂಟೆಗೆ ಉಸಿರು ಮತ್ತೆ ಇಳಿದು ನಿಮಿಷಕ್ಕೆ ಕೆಲವೇ ಸಲ. ನಾಲ್ಕೂವರೆಗೆ ಒಮ್ಮೆ ಪೂರ್ತಿ ನಿಂತಿತು. ಡಾಕ್ಟರು ಮಗುವನ್ನು ಚಾಪೆಗೆ ಹಾಕಿ ಎದೆ ಒತ್ತಿ ಬಿಟ್ಟರು, ಒತ್ತಿ ಬಿಟ್ಟರು. ಆ ಹೊತ್ತು ಎಷ್ಟಿತ್ತೋ ಹೇಳಲಾರೆ. ಗಡಿಯಾರ ನನ್ನ ಎದುರಿಗೇ ಇತ್ತು, ನಾನು ನೋಡಲಿಲ್ಲ. ಅತ್ತೆ ನೆಲಕ್ಕೆ ಹಣೆ ಹಚ್ಚಿ ಕೂತಿದ್ದಳು. ಮತ್ತೆ ಎದೆ ಏರಿತು. ಮತ್ತೆ ನಡೆಸಿದೆವು.

ಐದೂವರೆ ಹತ್ತಿರ, ಶೆಡ್ಡಿನ ನಡುವಿನಲ್ಲಿ, ಆ ನೇತಾಡುವ ಕಾಲುಗಳಲ್ಲಿ ಒಂದು ನೆಲಕ್ಕೆ ಒತ್ತಿತು. ಒಂದೇ. ಹೆಬ್ಬೆರಳು ಬಾಗಿ ನೆಲ ಹಿಡಿಯಿತು. ಇನ್ನೊಂದೂ ಒತ್ತಿತು. ನಾನು ತುಟಿ ಒರೆಸಲು ಬೆರಳು ಒಯ್ದೆ, ಎಳೆ ಹಲ್ಲಿನ ಬಾಯಿ ಅದನ್ನು ಕಚ್ಚಿತು. ಮರುಕ್ಷಣ ಅವಳು ಅತ್ತಳು.

ಅಳುವೆಂದರೆ ಅಂಥ ಅಳು! ಶೆಡ್ಡಿನ ಹಂಚು ನಡುಗಿತು. ಅದಕ್ಕೆ ಮೂಲೆಯ ಇನ್ನೊಂದು ಮಗು ಎಚ್ಚೆತ್ತು ಅತ್ತಿತು, ಅದನ್ನು ಕೇಳಿ ಮತ್ತೊಂದು. ಕಾರ್ಖಾನೆಯ ಗಂಟೆ ಹೊಡೆದು ಉಳಿದ ತಾಯಂದಿರು ಓಡಿ ಬರುವಷ್ಟರಲ್ಲಿ ಹನ್ನೊಂದೂ ಒಟ್ಟಿಗೆ ಅರಚುತ್ತಿದ್ದವು. ದೊಡ್ಡಕ್ಕ ನೆಲದ ಮೇಲೆ ಕೂತು ಹೊಟ್ಟೆ ಹಿಡಿದು ನಗುತ್ತಿದ್ದರು, ಕಣ್ಣಲ್ಲಿ ನೀರು. ಬೇಲಿಯ ಆಚೆಯ ಕೈ ಬಳೆ ಸದ್ದಾಗುವಂತೆ ಚಪ್ಪಾಳೆ ತಟ್ಟಿತು. ಕಾಕ ಡಾಕ್ಟರ ಬೆನ್ನಿಗೆ ಒಂದು ಬಾರಿಸಿ, "ನಾಳೆ ಅಂಗಿ ಹಾಕಿಯೇ ಬನ್ನಿ, ನಾನು ಕಾಯ್ತೇನೆ" ಎಂದರು. ನಾನು ಕಚ್ಚಿಸಿಕೊಂಡ ಬೆರಳನ್ನು ಹಿಡಿದುಕೊಂಡು ನಿಂತಿದ್ದೆ. ಅದಕ್ಕಿಂತ ಒಳ್ಳೆಯ ಸದ್ದನ್ನು ನಾನು ಇದುವರೆಗೆ ಕೇಳಿಲ್ಲ.

ಕೆಲಸ ಮುಗಿಯಲಿಲ್ಲ, ಶುರುವಾಯಿತು. ಮುಂದಿನ ಭಾನುವಾರ ಎಲ್ಲ ತಾಯಂದಿರೂ ಶೆಡ್ಡಿಗೆ ಬಂದರು, ಡಾಕ್ಟರೂ ಬಂದರು. ನಾನು ಎದ್ದು, ನನ್ನ ತಮಾಷೆಯ ಮಾತು ತಪ್ಪಾಯಿತು, ಮಕ್ಕಳು ಎಷ್ಟು ಅತ್ತರೂ ಒಂದನ್ನೂ ವಾಪಸು ಕಳಿಸುವುದಿಲ್ಲ ಎಂದೆ. ಅತ್ತೆ ಕೈ ಸೊಂಟಕ್ಕೆ ಕೊಟ್ಟು ಎದ್ದಳು.

"ಹಗಲಾಗ ನೀವು ಹೊರ್ತೀರಿ, ಖರೆ. ರಾತ್ರಿ? ಗುಳಗಿ ಬಿಟ್ಟ ಕೂಸು ಬೆಳತನಕ ಒದರ್ತದ. ನಾವು ನಿದ್ದಿ ಇಲ್ಲದ ಕಾಫಿ ಆರಿಸಿದ್ರ ಮೇಸ್ತ್ರಿ ಹೊರಗ ಹಾಕ್ತಾನ. ನಿಮ್ಮದು ಇನ್ನೂ ಮದುವಿನೇ ಆಗಿಲ್ಲ, ಕೂಸಿನ ಅಳು ನಿಮಗೇನು ಗೊತ್ತು?"

ಡಾಕ್ಟರು ಹೇಳಿದರು: "ಒಮ್ಮೆಲೇ ಬಿಡಿಸುವುದು ಬೇಡ, ಮಕ್ಕಳ ಮೈ ತಡೆಯದು. ಗುಳಿಗೆಗಳೆಲ್ಲ ನನ್ನ ಕೈಗೆ ಕೊಡಿ. ಯಾವ ಮಗುವಿಗೆ ಎಷ್ಟು, ಯಾವಾಗ ನಿಲ್ಲಬೇಕು, ನಾನೇ ನೋಡುತ್ತೇನೆ." ತಾಯಂದಿರು ಒಬ್ಬರನ್ನೊಬ್ಬರು ನೋಡಿದರು. ಮೊದಲು ಎದ್ದದ್ದು ಆ ಅತ್ತೆಯೇ. ಸೊಂಟದ ಚೀಲ ಬಿಚ್ಚಿ ತಗಡಿನ ಡಬ್ಬಿ ತೆಗೆದು ಡಾಕ್ಟರ ಮುಂದೆ ಇಟ್ಟಳು. "ಇನ್ನ ರಾತ್ರಿ ಹೊರಾಕ ಬರ್ರಿ" ಎಂದು ನಮ್ಮನ್ನು ನೋಡಿದಳು.

ಮದುವೆಯಾಗದ ಹೆಣ್ಣು ರಾತ್ರಿ ಹೊಳೆಬದಿಯ ಗುಡಿಸಲಲ್ಲಿ ಉಳಿಯುವುದು ನಮ್ಮ ಮನೆಯಲ್ಲಿ ಆಗುವ ಮಾತಲ್ಲ. ಸಂಜೆ ದೀಪ ಹಚ್ಚುವವರೆಗೆ ನಾನು ಇದ್ದೆ. ಆಮೇಲೆ ದೊಡ್ಡಕ್ಕ ಒಬ್ಬರೇ. ಮೂರನೆಯ ಬೆಳಿಗ್ಗೆ ಅವರ ಕಣ್ಣು ಕೆಂಡದಂತಿತ್ತು. ಅಂದೇ ಪಕ್ಕದ ಓಣಿಯ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಸೊಂಟಕ್ಕಿಟ್ಟುಕೊಂಡು ಜಗಳಕ್ಕೆ ಬಂದಳು.

"ಈ ಬಾಲೆಗಳ ಬೊಬ್ಬೆಗೆ ನಮಗೆ ನಿದ್ದೆ ಇಲ್ಲ! ನಾನು ಕತ್ತಲೆಗೇ ಎದ್ದು ಮೀನು ತರಲಿಕ್ಕೆ ದಕ್ಕೆಗೆ ಹೋಗುವವಳು. ಇದು ಎಂತ ಮಕ್ಕಳೋ, ಘಟ್ಟದ ಭೂತಗಳೋ?"

ದೊಡ್ಡಕ್ಕ ತೋಳಲ್ಲಿ ಅರಚುತ್ತಿದ್ದ ಮಗುವನ್ನು ಅವಳ ಕೈಗೆ ಕೊಟ್ಟರು. ಮೀನಿನವಳು ಬೈಗುಳ ಮುಗಿಸುವ ಮೊದಲೇ ಮಗುವನ್ನು ಹೆಗಲಿಗೆ ಹಾಕಿ ತಟ್ಟತೊಡಗಿದ್ದಳು. ಐವರನ್ನು ಹೆತ್ತ ಕೈ ಅದು. "ಹೀಗೆಲ್ಲ ಹಿಡಿದರೆ ಅಳದೆ ಎಂತ ಮಾಡ್ತದೆ? ಹೊಟ್ಟೆ ಅಡಿಗೆ ಬರಬೇಕು, ಹೀಗೆ" ಎಂದು ನಮಗೇ ಪಾಠ ಹೇಳಿದಳು. ಆ ರಾತ್ರಿ ಅವಳೂ ಬಂದಳು, ಜೊತೆಗೆ ತನ್ನ ತಂಗಿಯನ್ನು ಕರೆತಂದಳು. ಮರುದಿನ ಓಣಿಯ ಇನ್ನೂ ಇಬ್ಬರು. ಪಾಳಿ ಹಾಕಿಕೊಂಡರು. ಕಾಕನ ಹೆಂಡತಿ ಬೇಲಿಯಲ್ಲಿ ಒಂದು ಕಂಡಿ ಮಾಡಿಸಿಕೊಂಡು ಕತ್ತಲಾದ ಮೇಲೆ ಗುಡಿಸಲಿಗೆ ಬರತೊಡಗಿದರು. ತುಳುವಿನ ಜೋಗುಳ, ಬ್ಯಾರಿಯ ಜೋಗುಳ, ಸೊಲ್ಲಾಪುರದ ಜೋಗುಳ. ಯಾವುದಕ್ಕೂ ಮಕ್ಕಳು ಅಳು ನಿಲ್ಲಿಸಲಿಲ್ಲವಂತೆ. "ಒಟ್ಟಿಗೆ ಹಾಡಿದರೆ ಮಕ್ಕಳೇ ಹೆದರಿ ಸುಮ್ಮನಾಗ್ತವೆ" ಎಂದು ಮೀನಿನವಳು ಬೆಳಿಗ್ಗೆ ವರದಿ ಒಪ್ಪಿಸುತ್ತಿದ್ದಳು. "ಘಟ್ಟದವರು" ಎನ್ನುವ ಮಾತು ಅವಳ ಬಾಯಲ್ಲಿ "ನಮ್ಮ ಘಟ್ಟದವರು" ಆದದ್ದು ಯಾವಾಗಲೋ ಯಾರೂ ಗಮನಿಸಲಿಲ್ಲ.

ನನಗೆ ಮಾತ್ರ ಮನೆಯಲ್ಲೂ ನಿದ್ದೆ ಇರಲಿಲ್ಲ. ಕಣ್ಣು ಮುಚ್ಚಿದರೆ ಹಾಲು ಹರಿಯುತ್ತಿತ್ತು. ಎದ್ದು ಕೂತು ಅಮ್ಮನ ಉಸಿರು, ತಮ್ಮನ ಉಸಿರು ಕೇಳುತ್ತಿದ್ದೆ.

ಹೀಗೆ ಐದು ವಾರ ಕಳೆಯಿತು. ಗುಳಿಗೆ ಕಡಿಮೆಯಾಗುತ್ತ ಬಂದು, ಕೊನೆಯ ಮಗುವಿಗೂ ನಿಂತು ಆರೇಳು ದಿನವಾಗಿತ್ತು. ಒಂದು ಬೆಳಿಗ್ಗೆ ಏಳಕ್ಕೆ ಮೊದಲೇ ಹೋಗಿ ಶೆಡ್ಡಿನ ಬಾಗಿಲು ತೆರೆದು ಕಾದೆ. ಏಳಾಯಿತು. ಯಾರೂ ಬರಲಿಲ್ಲ. ಏಳೂಕಾಲು. ಕಾರ್ಖಾನೆಯ ಗಂಟೆ ಹೊಡೆದು ನಿಂತಿತು. ಗುಡಿಸಲುಗಳ ಕಡೆಯಿಂದ ಒಂದು ಸದ್ದಿಲ್ಲ. ಅಳು ಇಲ್ಲ, ಪಾತ್ರೆಯ ಸದ್ದಿಲ್ಲ, ಕೆಮ್ಮೂ ಇಲ್ಲ. ಓಡಿದೆ. ಮರಳಿನಲ್ಲಿ ಚಪ್ಪಲಿ ಕಳಚಿ ಬಿದ್ದದ್ದು ಆಮೇಲೆ ತಿಳಿಯಿತು.

ಮೊದಲ ಗುಡಿಸಲಿನ ಚಾಪೆಬಾಗಿಲು ಸರಿಸಿದೆ. ತಾಯಿ ಗೋಡೆಯ ಕಡೆ ಮುಖಮಾಡಿ, ಅತ್ತೆ ಬಾಯಿ ತೆರೆದು, ನಡುವೆ ಮಗು. ಅತ್ತೆಯ ಪಕ್ಕದಲ್ಲಿ ಮೀನಿನವಳು, ಬುಟ್ಟಿಯನ್ನೇ ತಲೆದಿಂಬು ಮಾಡಿಕೊಂಡು. ನಾನು ಮಂಡಿಯೂರಿ ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿದೆ. ಬೆಚ್ಚಗಿನ ಉಸಿರು, ಒಂದರ ಹಿಂದೆ ಒಂದು, ತಡೆಯಿಲ್ಲದೆ. ಕೆನ್ನೆ ಮುಟ್ಟಿದೆ. ಅವಳು ಮುಖ ಕಿವಿಚಿ, ನನ್ನ ಕೈಯನ್ನು ತಳ್ಳಿ, ಮಗ್ಗುಲು ಬದಲಿಸಿದಳು. ಎರಡನೆಯ ಗುಡಿಸಲಲ್ಲೂ ಹಾಗೆಯೇ. ಮೂರನೆಯದರಲ್ಲೂ. ಹನ್ನೊಂದು ಕೆನ್ನೆಗಳನ್ನು ಮುಟ್ಟಿದೆ, ಹನ್ನೊಂದು ಮಕ್ಕಳೂ ನನ್ನ ಮೇಲೆ ಸಿಟ್ಟಾದವು.

ಮೊದಲ ಗುಡಿಸಲಿಗೆ ಮರಳಿದಾಗ ಅತ್ತೆಗೆ ಎಚ್ಚರವಾಯಿತು. ಬಾಗಿಲಿನ ಬಿಸಿಲನ್ನು ನೋಡಿ ಗಾಬರಿಯಿಂದ ಎದ್ದು ಕೂತಳು. "ಗಂಟಿ ಹೊಡೀತೇನ್ರಿ?"

"ಹೊಡೆದು ಮುಗೀತು."

"ನೀವು ಎಬ್ಬಿಸಬಾರದೇನ್ರಿ?" ಎಂದಳು. ಆಮೇಲೆ ಮಲಗಿದ ಮೊಮ್ಮಗಳನ್ನು, ಸೊಸೆಯನ್ನು, ಗೊರಕೆ ಹೊಡೆಯುತ್ತಿದ್ದ ಮೀನಿನವಳನ್ನು ನೋಡಿದಳು. ತಿಳಿದಾಗ ಅವಳ ಮುಖ ಅರಳಿತು. "ಯಾರೂ ಅತ್ತಿಲ್ಲ" ಎಂದಳು ಮೆಲ್ಲಗೆ. "ಯವ್ವಾ, ರಾತ್ರಿ ಪೂರಾ ಯಾರೂ ಅತ್ತಿಲ್ಲ!"

ಮೇಸ್ತ್ರಿಯ ಹತ್ತಿರ ಕಾಕ ಮಾತಾಡಲು ಹೋದರು. ಮೀನಿನವಳು ದಕ್ಕೆಗೆ ಹೊತ್ತು ಮೀರಿತೆಂದು ಬೈದುಕೊಳ್ಳುತ್ತ, ನಗುತ್ತ ಓಡಿದಳು. ನಾನು ಆ ಚಾಪೆಯ ಅಂಚಿನಲ್ಲಿ, ಮಗುವಿನ ಪಕ್ಕ, ಒಂದು ನಿಮಿಷ ಒರಗೋಣವೆಂದು ಒರಗಿದೆ. ದೊಡ್ಡಕ್ಕ ನನ್ನನ್ನು ಎಬ್ಬಿಸಿದಾಗ ಹಾಲಿನ ಹೊತ್ತು ಮೀರಿಹೋಗಿತ್ತು. ಅಂದು ರಾತ್ರಿ ಮಣ್ಣಗುಡ್ಡದ ನಮ್ಮ ಮನೆಯಲ್ಲಿ ಮತ್ತೆ ಮಲಗಿದೆ. ಬೆಳಿಗ್ಗೆ ಅಮ್ಮ ಬಂದು ಹೊದಿಕೆ ಎಳೆಯುವವರೆಗೂ ಎಚ್ಚರವಾಗಲಿಲ್ಲ.